ಅನ್ನದ ಕಾವಲಿಗೆ ಕುಳಿತ ಸಮಿತಿಗಳು



ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಿಂದ ಹೆದ್ದಾರಿಯನ್ನು ಹಿಡಿದು ಉತ್ತರಾಭಿಮುಖವಾಗಿ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮಹಾರಾಷ್ಟ್ರದ ಕಾಗಲ್ ಪಟ್ಟಣ ಎದುರಾಗುತ್ತದೆ. ಗಡಿಯ ಈಚೆಗೂ ಆಚೆಗೂ ಹೊಲದಲ್ಲಿ ನಿಂತಿರುವುದು ಅದೇ ಕಬ್ಬು. ಕೊಟ್ಟಿಗೆಯಲ್ಲಿ ಮೆಲುಕಾಡುತ್ತಿರುವುದು ಅದೇ ಎಮ್ಮೆ. ಬೆಳಗಿನ ಜಾವದಲ್ಲಿ ಕ್ಯಾನು ಹಿಡಿದು ಡೈರಿಗೆ ನಡೆಯುವ ರೈತನ ಹಾಲಿಗೆ ಬೆಲೆ ಕಟ್ಟುವುದೂ ಅದೇ ಫ್ಯಾಟು, ಅದೇ ಡಿಗ್ರಿ. ಆದರೂ ಬಹುಕಾಲದವರೆಗೆ ಈ ಎರಡು ಊರುಗಳ ನಡುವೆ ಕಣ್ಣಿಗೆ ಕಾಣದ ಒಂದು ಭೇದವಿದ್ದಿತು. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಐದು ಭಾಗ ಕೊಬ್ಬಿದ್ದರೆ ಕರ್ನಾಟಕದಲ್ಲಿ ಅದು ಕಾನೂನು ಒಪ್ಪುವ ಹಾಲಾಗಿತ್ತು. ಮಹಾರಾಷ್ಟ್ರದಲ್ಲಾದರೋ ಆರು ಭಾಗ ಇರಲೇಬೇಕಾಗಿತ್ತು. ಹೀಗಾಗಿ ಐದೂವರೆ ಭಾಗ ಕೊಬ್ಬಿರುವ ಹಾಲು, ಹನಿ ನೀರನ್ನೂ ಬೆರೆಸದೆ ಕರೆದದ್ದಾದರೂ, ನಿಪ್ಪಾಣಿಯಲ್ಲಿ ನಿರ್ದೋಷವೆನಿಸಿ ಕಾಗಲ್ಲಿನಲ್ಲಿ ದೋಷಯುಕ್ತವೆನಿಸುತ್ತಿತ್ತು.

ಈ ಐದನ್ನೂ ಆರನ್ನೂ ಗೊತ್ತುಮಾಡಿದವರು ಯಾರು? ಇಂತಹ ಅಂಕಿಗಳು ಶಾಸನಸಭೆಯ ವಾದವಿವಾದಗಳಲ್ಲಿ ಹುಟ್ಟುವುದಿಲ್ಲ. ನ್ಯಾಯಾಧೀಶರು ಅವನ್ನು ನಿರ್ಣಯಿಸುವುದಿಲ್ಲ. ಯಾವುದೋ ಕಚೇರಿಯ ಉದ್ದನೆಯ ಮೇಜಿನ ಸುತ್ತ ಕುಳಿತ ಹತ್ತಿಪ್ಪತ್ತು ಮಂದಿಯ ಸಮಿತಿಯೊಂದು, ಕಡತಗಳನ್ನು ತಿರುವಿ, ಪ್ರಯೋಗಶಾಲೆಯ ವರದಿಗಳನ್ನು ತೂಗಿ ನೋಡಿ, ತಂತಮ್ಮ ರಾಜ್ಯದ ದನಕರುಗಳ ಸ್ಥಿತಿಗತಿಯನ್ನು ವಿವರಿಸಿದವರ ಮಾತನ್ನು ಕೇಳಿ, ಕಡೆಗೆ ಒಂದು ಸಂಖ್ಯೆಯನ್ನು ಬರೆಯುತ್ತದೆ. ಆ ಸಂಖ್ಯೆ ಅಧಿಸೂಚನೆಯಾಗಿ ಹೊರಬಿದ್ದ ಬಳಿಕ ಕೋಟ್ಯಂತರ ಜನರ ಲೋಟದೊಳಗೆ ಪ್ರವೇಶಿಸುತ್ತದೆ. ಸಮಿತಿಯೆಂದರೆ ಕಾಲಹರಣವೆಂದೂ, ಕೆಲಸವನ್ನು ಮುಂದೂಡಬೇಕೆಂದಾಗ ಸರ್ಕಾರಗಳು ಹೂಡುವ ಉಪಾಯವೆಂದೂ ನಮ್ಮ ಜನ ಭಾವಿಸಿಕೊಂಡು ಬಂದಿದ್ದಾರೆ. ಅನೇಕ ವಿಷಯಗಳಲ್ಲಿ ಹಾಗಿದ್ದರೂ ಇರಬಹುದು. ಆಹಾರದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಅಂಗಡಿಯ ಬಾಗಿಲಿಗೆ ಬಂದು ನಿಲ್ಲುವ ಅಧಿಕಾರಿಗಿಂತಲೂ, ಆತನ ಕೈಯಲ್ಲಿರುವ ಅಳತೆಯನ್ನು ನಿರ್ಮಿಸಿಕೊಟ್ಟ ಸಮಿತಿಯೇ ನಮ್ಮ ಆರೋಗ್ಯಕ್ಕೆ ಹೆಚ್ಚು ಹೊಣೆ. ಆದುದರಿಂದ ಆ ಮೇಜಿನ ಸುತ್ತ ಯಾರು ಕುಳಿತಿದ್ದಾರೆ, ಯಾವ ಹಕ್ಕಿನಿಂದ ಕುಳಿತಿದ್ದಾರೆ, ವರ್ಷದಲ್ಲಿ ಎಷ್ಟು ಸಲ ಕುಳಿತುಕೊಳ್ಳುತ್ತಾರೆ ಎಂಬುದನ್ನು ವಿಚಾರಿಸುವುದು ಉಣ್ಣುವವರೆಲ್ಲರ ಕರ್ತವ್ಯ.

ಪರಾಧೀನ ಭಾರತದಲ್ಲಿ ಕಲಬೆರಕೆಯ ನಿಗ್ರಹ ಪ್ರಾಂತಗಳ ಪಾಲಿನ ಕೆಲಸವಾಗಿತ್ತು. ಮದರಾಸು 1918ರಲ್ಲಿ, ಬಂಗಾಳ 1919ರಲ್ಲಿ, ಮುಂಬಯಿ 1925ರಲ್ಲಿ ತಂತಮ್ಮ ಕಾನೂನುಗಳನ್ನು ಮಾಡಿಕೊಂಡವು. ಕನ್ನಡ ನಾಡೇ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಮಂಗಳೂರಿನ ತೆಂಗಿನೆಣ್ಣೆಗೆ ಮದರಾಸಿನ ಶಾಸನ, ಧಾರವಾಡದ ತುಪ್ಪಕ್ಕೆ ಮುಂಬಯಿಯ ಶಾಸನ ಎಂಬಂತಾಗಿತ್ತು. ಒಂದು ಪ್ರಾಂತದಲ್ಲಿ ಮಾರಲಾಗದ ಸರಕನ್ನು ರೈಲಿಗೆ ಹಾಕಿ ಇನ್ನೊಂದು ಪ್ರಾಂತದಲ್ಲಿ ಮಾರುವವರಿಗೆ ಇದಕ್ಕಿಂತ ಅನುಕೂಲ ಮತ್ತೇನು ಬೇಕು? 1937ರಲ್ಲಿ ಕೇಂದ್ರ ಆರೋಗ್ಯ ಸಲಹಾ ಮಂಡಲಿ ನೇಮಿಸಿದ ಸಮಿತಿಯೊಂದು ದೇಶಕ್ಕೆಲ್ಲ ಅನ್ವಯಿಸುವ ಒಂದೇ ಕಾನೂನು ಅಗತ್ಯವೆಂದು ಶಿಫಾರಸು ಮಾಡಿತು. ಆ ಮಾತು ಕಾರ್ಯರೂಪಕ್ಕೆ ಬರಬೇಕಾದರೆ ಸ್ವಾತಂತ್ರ್ಯ ಬರಬೇಕಾಯಿತು, ಸಂವಿಧಾನ ಬರಬೇಕಾಯಿತು, ಕಲಬೆರಕೆಯ ವಿಷಯ ಕೇಂದ್ರಕ್ಕೂ ರಾಜ್ಯಗಳಿಗೂ ಸಮಾನವಾದ ಸಮವರ್ತಿ ಪಟ್ಟಿಯಲ್ಲಿ ಸೇರಬೇಕಾಯಿತು. 1954ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಆಹಾರ ಕಲಬೆರಕೆ ನಿವಾರಣಾ ಅಧಿನಿಯಮ 1955ನೆಯ ಜೂನ್ 1ರಿಂದ ಜಾರಿಗೆ ಬಂದಿತು.

ಆ ಅಧಿನಿಯಮದ ಮೂರನೆಯ ಪ್ರಕರಣವೇ ಒಂದು ಸಮಿತಿಯನ್ನು ಸ್ಥಾಪಿಸಿತೆಂಬುದು ಗಮನಾರ್ಹ. ಆಹಾರ ಮಾನಕಗಳ ಕೇಂದ್ರ ಸಮಿತಿಯೆಂದು ಅದರ ಹೆಸರು. ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಪದನಿಮಿತ್ತ ಅಧ್ಯಕ್ಷರು. ಪ್ರತಿಯೊಂದು ರಾಜ್ಯದಿಂದಲೂ ಒಬ್ಬ ಪ್ರತಿನಿಧಿ. ಆಹಾರ, ಕೃಷಿ, ವಾಣಿಜ್ಯ ಇಲಾಖೆಗಳವರ ಜೊತೆಗೆ ರಕ್ಷಣಾ ಇಲಾಖೆಯವರಿಗೂ ರೈಲ್ವೆಯವರಿಗೂ ಅಲ್ಲಿ ಸ್ಥಾನವಿತ್ತು. ಸೈನಿಕನ ಪಡಿತರವನ್ನೂ, ರೈಲು ನಿಲ್ದಾಣದಲ್ಲಿ ಅಪರಿಚಿತನಾದ ಪ್ರಯಾಣಿಕನು ನಂಬಿ ಕೊಂಡು ತಿನ್ನುವ ತಿಂಡಿಯನ್ನೂ ಆ ಶಾಸನಕಾರರು ಮರೆತಿರಲಿಲ್ಲವೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಕಾಲಾಂತರದಲ್ಲಿ ಕೇಂದ್ರದ ಆಹಾರ ಪ್ರಯೋಗಶಾಲೆಗಳಲ್ಲೊಂದು ಮೈಸೂರಿನಲ್ಲಿ, 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ನೆಲೆಗೊಂಡಿದ್ದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಆಶ್ರಯದಲ್ಲಿ ಕೆಲಸಮಾಡಿತು. ನಮ್ಮ ನಾಡಿನ ರಸಾಯನಶಾಸ್ತ್ರಜ್ಞರ ವಿದ್ವತ್ತು ಹೀಗೆ ದೇಶದ ಅನ್ನದ ಕಾವಲಿಗೆ ಒದಗಿಬಂದಿತು.

ಇಷ್ಟೆಲ್ಲ ಆದ ಮೇಲೆ ದೇಶಕ್ಕೆ ಒಂದೇ ಅಳತೆ, ಒಂದೇ ಯಜಮಾನಿಕೆ ಉಂಟಾಗಬೇಕಾಗಿತ್ತು. ಆಗಲಿಲ್ಲ. ಹಣ್ಣಿನ ರಸ, ಜಾಮು, ಉಪ್ಪಿನಕಾಯಿಗಳಿಗೆ 1955ರ ಆದೇಶ ಬೇರೆಯಾಯಿತು. ವನಸ್ಪತಿಗೆ 1947ರ ಆದೇಶವಿದ್ದಿತು. ಮಾಂಸದ ಪದಾರ್ಥಗಳಿಗೆ 1973ರದು, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ 1992ರದು. ಒಂದೊಂದನ್ನೂ ಒಂದೊಂದು ಸಚಿವಾಲಯ ನೋಡಿಕೊಳ್ಳುತ್ತಿತ್ತು. ಸಲಹಾ ಮಂಡಲಿಗಳೂ ಪರೀಕ್ಷಾಧಿಕಾರಿಗಳೂ ಬೇರೆಬೇರೆ. ಉಪ್ಪಿನಕಾಯಿಯ ಒಂದು ಭರಣಿಯಲ್ಲಿ ಮಾವಿನಕಾಯಿಯುಂಟು, ಎಣ್ಣೆಯುಂಟು, ಮೆಣಸಿನಪುಡಿಯುಂಟು, ಉಪ್ಪುಂಟು. ಭರಣಿಯಲ್ಲಿ ಒಂದಾಗಿ ಬೆರೆತ ಈ ಪದಾರ್ಥಗಳು ಸರ್ಕಾರದ ಕಚೇರಿಗಳಲ್ಲಿ ಮಾತ್ರ ಒಂದರ ಮುಖವನ್ನೊಂದು ನೋಡುತ್ತಿರಲಿಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಬೀಜದ, ಅಂದರೆ ನಮ್ಮಲ್ಲಿ ಅರಿಸಿನ ಉಮ್ಮತ್ತವೆನ್ನುವ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಸೇರಿ, ತಿಂದವರ ಕಾಲು ಬಾತು, ಹೃದಯ ಕುಂದಿ, ಅರವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಾಗ, ಅವಸರದಲ್ಲಿ ಹೊರಟದ್ದು ಮತ್ತೊಂದು ಆದೇಶ: ಖಾದ್ಯ ತೈಲಗಳನ್ನು ಪೊಟ್ಟಣಕಟ್ಟಿಯೇ ಮಾರಬೇಕೆಂಬುದು. ಆದೇಶ ಯೋಗ್ಯವೇ ಆಗಿತ್ತು. ಆದರೆ ಆದೇಶಗಳ ಗುಡ್ಡಕ್ಕೆ ಇನ್ನೊಂದು ಕಲ್ಲು ಸೇರಿತು.

ಅದೇ ವರ್ಷ ಪ್ರಧಾನಮಂತ್ರಿಗಳ ವ್ಯಾಪಾರ ಮತ್ತು ಕೈಗಾರಿಕಾ ಮಂಡಲಿಯ ಒಂದು ಉಪಸಮಿತಿ, ಆಹಾರಕ್ಕೆ ಒಂದೇ ಸಮಗ್ರ ಶಾಸನವೂ ಒಂದೇ ಪ್ರಾಧಿಕಾರವೂ ಬೇಕೆಂದು ಸೂಚಿಸಿತು. 2003ರಲ್ಲಿ ತಂಪು ಪಾನೀಯಗಳಲ್ಲಿ ಕೀಟನಾಶಕದ ಶೇಷಾಂಶವಿದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪ್ರಕಟಿಸಿದಾಗ ದೇಶವೇ ಅಲ್ಲೋಲಕಲ್ಲೋಲವಾಗಿ, ಪಾರ್ಲಿಮೆಂಟಿನ ಉಭಯ ಸದನಗಳ ಜಂಟಿ ಸಮಿತಿ ರಚಿತವಾಯಿತು. ಶರದ್ ಪವಾರ್ ಅವರು ಅದರ ಅಧ್ಯಕ್ಷರು. 2004ರ ಫೆಬ್ರವರಿಯಲ್ಲಿ ವರದಿಯನ್ನೊಪ್ಪಿಸಿದ ಆ ಸಮಿತಿ ವಿಜ್ಞಾನ ಮತ್ತು ಪರಿಸರ ಕೇಂದ್ರದ ಶೋಧನೆ ಸರಿಯೆಂದು ಎತ್ತಿಹಿಡಿದುದಲ್ಲದೆ, ಚದರಿಹೋದ ಆಹಾರ ಕಾನೂನುಗಳನ್ನೆಲ್ಲ ಒಂದೆಡೆಗೆ ತರಬೇಕೆಂದು ಒತ್ತಾಯಿಸಿತು. ಮರುವರ್ಷ ಕೃಷಿಯ ಸ್ಥಾಯೀ ಸಮಿತಿಯೂ ಇದನ್ನೇ ಹೇಳಿತು. 2006ರ ಆಗಸ್ಟ್ 23ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆಹಾರ ಸುರಕ್ಷತೆ ಮತ್ತು ಮಾನಕಗಳ ಅಧಿನಿಯಮ ಹೀಗೆ ಸಮಿತಿಗಳ ಪರಂಪರೆಯಿಂದಲೇ ಜನಿಸಿತು. ಪ್ರಾಧಿಕಾರ 2008ರಲ್ಲಿ ಸ್ಥಾಪಿತವಾಗಿ, ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದುವು. ಒಂದು ಸಲಹೆ ಕಾನೂನಾಗಿ ಊರಿನ ಅಂಗಡಿಯನ್ನು ಮುಟ್ಟುವುದಕ್ಕೆ ಹದಿಮೂರು ವರ್ಷ ಹಿಡಿಯಿತು.

ಈ ಹೊಸ ವ್ಯವಸ್ಥೆಯ ಆಸನಕ್ರಮವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಪ್ರಾಧಿಕಾರಕ್ಕೆ ಒಬ್ಬ ಅಧ್ಯಕ್ಷರು, ಇಪ್ಪತ್ತೆರಡು ಸದಸ್ಯರು. ಇವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಏಳು ಸಚಿವಾಲಯಗಳ ಹಿರಿಯ ಅಧಿಕಾರಿಗಳು, ರಾಜ್ಯಗಳ ಪರವಾಗಿ ಸರದಿಯ ಮೇಲೆ ಬರುವ ಐವರು, ಮೂವರು ವಿಜ್ಞಾನಿಗಳು, ಉದ್ಯಮದ ಇಬ್ಬರು, ಗ್ರಾಹಕ ಸಂಸ್ಥೆಗಳ ಇಬ್ಬರು, ರೈತರ ಇಬ್ಬರು, ಚಿಲ್ಲರೆ ವ್ಯಾಪಾರಿಗಳ ಒಬ್ಬರು. ಬೆಳೆಯುವವನೂ ಮಾರುವವನೂ ತಿನ್ನುವವನೂ ಒಂದೇ ಮೇಜಿಗೆ ಬಂದು ಕೂಡುವಂತೆ ಶಾಸನ ಏರ್ಪಡಿಸಿರುವುದು ಔಚಿತ್ಯಪೂರ್ಣವಾದದ್ದು. ಇದರ ಪಕ್ಕದಲ್ಲಿ ಕೇಂದ್ರ ಸಲಹಾ ಸಮಿತಿಯೊಂದಿದೆ. ಎಲ್ಲ ರಾಜ್ಯಗಳ ಆಹಾರ ಸುರಕ್ಷತಾ ಆಯುಕ್ತರೂ ಅದರ ಸದಸ್ಯರು. ಸಂಬಂಧಪಟ್ಟ ಸಚಿವಾಲಯಗಳವರು ಆಹ್ವಾನಿತರು. ವರ್ಷಕ್ಕೆ ಮೂರಕ್ಕೆ ಕಡಿಮೆಯಿಲ್ಲದಂತೆ ಅದು ಸಭೆ ಸೇರತಕ್ಕದ್ದೆಂದು ಕಾನೂನೇ ವಿಧಿಸಿದೆ. ಕೇಂದ್ರ ಬರೆದ ನಿಯಮವನ್ನು ಕೈಯಲ್ಲಿ ಹಿಡಿದು ಬೀದಿಗಿಳಿಯಬೇಕಾದವರು ರಾಜ್ಯದವರು. ಬೀದಿಯಲ್ಲಿ ನಡೆಯದ ನಿಯಮ ಯಾವುದೆಂಬುದನ್ನು ಅವರೇ ಬಂದು ಹೇಳದಿದ್ದರೆ ಬರೆಯುವವರಿಗೆ ತಿಳಿಯುವ ಬಗೆ ಹೇಗೆ? ಹಿಂದಿನ ಕಾನೂನಿನ ಕಾಲದಿಂದ ಉಳಿದುಬಂದಿದ್ದ ರಾಜ್ಯವಾರು ಭೇದವನ್ನು ತೊಡೆದುಹಾಕಿ, ಹಸುವಿನ ಹಾಲಿಗೆ ದೇಶದಾದ್ಯಂತ ಕೊಬ್ಬು 3.2, ಕೊಬ್ಬಿಲ್ಲದ ಘನಾಂಶ 8.3 ಎಂದು ಗೊತ್ತುಮಾಡಿದ್ದು ಇಂತಹ ಸಮನ್ವಯದ ಫಲವೇ.

ಆದರೆ ಇಡೀ ಏರ್ಪಾಡಿನ ಜೀವ ಇರುವುದು ಇನ್ನೊಂದು ಕಡೆ, ವೈಜ್ಞಾನಿಕ ಮಂಡಲಿಗಳಲ್ಲಿ. ಬಣ್ಣ ಮತ್ತು ರುಚಿಕಾರಕಗಳಿಗೊಂದು, ಕೀಟನಾಶಕದ ಶೇಷಾಂಶಕ್ಕೊಂದು, ರೋಗಾಣುಗಳಿಗೊಂದು, ಲೇಬಲ್ಲಿನ ಬರವಣಿಗೆಗೊಂದು, ಮಾದರಿ ಪರೀಕ್ಷೆಯ ವಿಧಾನಕ್ಕೊಂದು ಹೀಗೆ ಮಂಡಲಿಗಳುಂಟು. ಇವುಗಳ ಅಧ್ಯಕ್ಷರೆಲ್ಲರೂ, ಯಾವ ಮಂಡಲಿಗೂ ಸೇರದ ಆರು ಮಂದಿ ತಜ್ಞರೂ ಕೂಡಿ ವೈಜ್ಞಾನಿಕ ಸಮಿತಿಯಾಗುತ್ತಾರೆ. ಒಂದು ಮಂಡಲಿ ಒಪ್ಪಿದ್ದನ್ನು ಮತ್ತೊಂದು ಮಂಡಲಿ ಅರಿಯದೆ ಅಲ್ಲಗಳೆಯದಂತೆ ನೋಡಿಕೊಳ್ಳುವುದು ಆ ಸಮಿತಿಯ ಹೊಣೆ.

ಇವರು ಮಾಡುವ ಕೆಲಸದ ಸ್ವರೂಪವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಆಹಾರಕ್ಕೆ ಹಾಕುವ ಒಂದು ಬಣ್ಣವನ್ನು ಪ್ರಯೋಗಪ್ರಾಣಿಗಳಿಗೆ ದೀರ್ಘಕಾಲ ಉಣಿಸಿ, ಯಾವ ಪ್ರಮಾಣದವರೆಗೆ ಬಾಧೆ ತೋರುವುದಿಲ್ಲವೆಂಬುದನ್ನು ಕಂಡುಕೊಳ್ಳುತ್ತಾರೆ. ಮನುಷ್ಯನು ಪ್ರಾಣಿಗಿಂತ ಸೂಕ್ಷ್ಮಪ್ರಕೃತಿಯವನಾಗಿರಬಹುದು, ಮನುಷ್ಯರಲ್ಲಿಯೂ ಮಗು ಮುದುಕರೆಂಬ ಭೇದವುಂಟು ಎಂದು ಆಲೋಚಿಸಿ ಸಾಮಾನ್ಯವಾಗಿ ಅದನ್ನು ನೂರರಿಂದ ಭಾಗಿಸುತ್ತಾರೆ. ಬಂದ ಲಬ್ಧವೇ ಜೀವಮಾನಪರ್ಯಂತ ದಿನವೂ ಸೇವಿಸಿದರೂ ಹಾನಿಯಿಲ್ಲವೆಂದು ನಂಬಬಹುದಾದ ಮಿತಿ. ಲೋಕಮಟ್ಟದಲ್ಲಿ ಈ ಕಾರ್ಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 1956ರಿಂದ ಮಾಡುತ್ತ ಬಂದಿದೆ. ಆ ಬಳಿಕ ನಮ್ಮ ಜನ ಯಾವ ತಿಂಡಿಯನ್ನು ಎಷ್ಟು ತಿನ್ನುತ್ತಾರೆ, ಆ ಎಲ್ಲ ತಿಂಡಿಗಳಿಂದ ಒಟ್ಟು ಎಷ್ಟು ಬಣ್ಣ ಒಡಲು ಸೇರುತ್ತದೆ ಎಂಬ ಲೆಕ್ಕವನ್ನು ಇಲ್ಲಿಯ ಮಂಡಲಿ ಹಾಕಬೇಕು. ಭಾರತದಲ್ಲಿ ಅನುಮತಿಯಿರುವ ಕೃತಕ ಬಣ್ಣಗಳು ಎಂಟೇ ಎಂಟು. ಅವೂ ಹೆಸರಿಸಿದ ತಿಂಡಿಗಳಿಗೆ, ಹೆಸರಿಸಿದ ಮಿತಿಯಲ್ಲಿ ಮಾತ್ರ. ಬಟ್ಟೆಗೆ ಹಾಕುವ ರೋಡಮೈನ್-ಬಿ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸಕೂಡದೆಂದು ನಿಷೇಧಿಸಿ, ಜೂನಿನಲ್ಲಿ ಕಬಾಬಿಗೂ ಆ ನಿಷೇಧವನ್ನು ವಿಸ್ತರಿಸಿದಾಗ, ಜಾತ್ರೆಯಲ್ಲಿ ಮಗು ಕೈಯಲ್ಲಿ ಹಿಡಿದ ಗುಲಾಬಿ ಬಣ್ಣದ ಮಿಠಾಯಿಯ ಹಿಂದೆ ಇಷ್ಟು ದೀರ್ಘವಾದ ಲೆಕ್ಕಾಚಾರ ನಿಂತಿತ್ತು.

ಇಂತಹ ಲೆಕ್ಕವನ್ನು ಹಾಕುವವರಿಗೆ ಫಲಿತಾಂಶದಲ್ಲಿ ಲಾಭವಿರಬಾರದು. ಆದುದರಿಂದಲೇ ಅಧಿನಿಯಮದ ಹದಿಮೂರನೆಯ ಪ್ರಕರಣ ಮಂಡಲಿಗಳಲ್ಲಿ ಸ್ವತಂತ್ರ ವೈಜ್ಞಾನಿಕ ತಜ್ಞರೇ ಇರತಕ್ಕದ್ದೆಂದು ಹೇಳಿತು. ಹಾಗೆ ಹೇಳಿದ್ದರೂ ಮೊದಮೊದಲು ರಚಿತವಾದ ಮಂಡಲಿಗಳಲ್ಲಿ ಆಹಾರ ಮತ್ತು ಪಾನೀಯ ಕಂಪೆನಿಗಳ ನೌಕರಿಯಲ್ಲಿದ್ದವರು ಸದಸ್ಯರಾಗಿ ಕುಳಿತಿದ್ದರು. ತಂಪು ಪಾನೀಯಗಳಿಗೆ ಸಂಬಂಧಿಸಿದ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯೊಂದರಲ್ಲಿ ಈ ಸಂಗತಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, 2011ರ ಫೆಬ್ರವರಿಯಲ್ಲಿ ನ್ಯಾಯಾಲಯ ಮಂಡಲಿಗಳನ್ನು ಕಾನೂನಿನಂತೆ ಪುನಾರಚಿಸಬೇಕೆಂದು ಆಜ್ಞೆ ಮಾಡಿತು. ಉದ್ಯಮದವರ ಮಾತನ್ನು ಕೇಳಬಾರದೆಂದು ಇದರ ಅರ್ಥವಲ್ಲ. ಅವರಿಗೆ ಪ್ರಾಧಿಕಾರದಲ್ಲಿಯೂ ಸಲಹಾ ಸಮಿತಿಯಲ್ಲಿಯೂ ಪೀಠವಿದೆ, ಮಂಡಲಿಯ ಮುಂದೆ ಬಂದು ತಮ್ಮ ಅನುಭವವನ್ನು ಹೇಳಿಕೊಳ್ಳುವ ಅವಕಾಶವಿದೆ. ಹಿತಾಸಕ್ತಿಗೆ ಧ್ವನಿಯಿರಲಿ; ಆದರೆ ವಿಷದ ಮಿತಿಯನ್ನು ಗೊತ್ತುಮಾಡುವ ಸ್ಥಳದಲ್ಲಿ ಅದಕ್ಕೆ ಆಸನ ಸಲ್ಲದು. ಈ ಒಂದು ಗೆರೆ ಅಳಿಸಿಹೋದರೆ ಉಳಿದ ಏರ್ಪಾಡುಗಳೆಲ್ಲ ಎಷ್ಟೇ ಸೊಗಸಾಗಿದ್ದರೂ ನಿಷ್ಪ್ರಯೋಜಕವೆಂದು ನಾನು ದೃಢವಾಗಿ ನಂಬಿದ್ದೇನೆ.

ಸಮಿತಿಯ ಅಧಿಕಾರಕ್ಕೂ ಒಂದು ಎಲ್ಲೆಯುಂಟು. ಹೊಸ ಪದಾರ್ಥಗಳಿಗೆ ಅನುಮೋದನೆ ನೀಡುವ ಕ್ರಮವನ್ನು ಪ್ರಾಧಿಕಾರ ಕೇವಲ ಸಲಹಾ ಸುತ್ತೋಲೆಗಳ ಮೂಲಕ ನಡೆಸಲು ಹೊರಟಾಗ, ಅವಕ್ಕೆ ಕಾನೂನಿನ ಬಲವಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ ಹೇಳಿತು. 2015ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ನಿಯಮವಾಗಬೇಕಾದದ್ದು ಕರಡಾಗಿ ಪ್ರಕಟವಾಗಬೇಕು, ಪ್ರಜೆಗಳ ಆಕ್ಷೇಪಣೆಗಳನ್ನು ಕರೆಯಬೇಕು, ಪಾರ್ಲಿಮೆಂಟಿನ ಮುಂದೆ ಬರಬೇಕು. ತಜ್ಞರ ಮಾತು ಎಷ್ಟು ಸತ್ಯವಾದರೂ ಈ ಹಾದಿಯಲ್ಲಿಯೇ ನಡೆದುಬರತಕ್ಕದ್ದು.

ಹೊರದೇಶದ ಮೇಜುಗಳ ಮಾತನ್ನೂ ಸ್ವಲ್ಪ ಹೇಳಬೇಕು. ರಾಷ್ಟ್ರಗಳೆಲ್ಲಕ್ಕೂ ಆಹಾರದ ಮಾನಕಗಳನ್ನು ರೂಪಿಸುವ, 1963ರಲ್ಲಿ ರೋಮಿನಲ್ಲಿ ಮೊದಲ ಅಧಿವೇಶನ ನಡೆಸಿದ ಕೋಡೆಕ್ಸ್ ಆಯೋಗಕ್ಕೆ ಭಾರತ ಮರುವರ್ಷವೇ ಸದಸ್ಯವಾಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳು ಬಂದ ಮೇಲೆ, ರಾಷ್ಟ್ರಗಳ ನಡುವೆ ಆಹಾರದ ವ್ಯಾಜ್ಯ ಹುಟ್ಟಿದಾಗ ಕೋಡೆಕ್ಸಿನ ಮಾನಕವೇ ಪ್ರಮಾಣವಾಗಿ ನಿಂತಿದೆ. ಸಾಂಬಾರ ಪದಾರ್ಥಗಳಿಗೆ ಅಲ್ಲಿ ಪ್ರತ್ಯೇಕ ಸಮಿತಿಯೇ ಇರಲಿಲ್ಲ. 2013ರಲ್ಲಿ ಅದು ಸ್ಥಾಪಿತವಾಗಿ, ಆತಿಥ್ಯದ ಹೊಣೆ ಭಾರತಕ್ಕೆ ಬಂದಿತು. 2014ರ ಫೆಬ್ರವರಿಯಲ್ಲಿ ಮೊದಲ ಸಭೆ ಕೊಚ್ಚಿಯಲ್ಲಿ ನೆರೆಯಿತು. 2017ರಲ್ಲಿ ಕಾಳುಮೆಣಸಿನ ಮಾನಕ ಅಂಗೀಕೃತವಾಯಿತು. ಒಂದು ಲೀಟರು ಮೆಣಸು ಎಷ್ಟು ಗ್ರಾಂ ತೂಗಬೇಕು, ತೇವ ಎಷ್ಟಿರಬಹುದು, ಜೊಳ್ಳು ಎಷ್ಟು ಸೇರಿರಬಹುದು ಎಂಬ ಆ ಅಂಕಿಗಳನ್ನು ಮಡಿಕೇರಿಯಲ್ಲಿಯೋ ಮೂಡಿಗೆರೆಯಲ್ಲಿಯೋ ಅಂಗಳದ ಮೇಲೆ ಮೆಣಸು ಹರಡಿ ಮೋಡ ನೋಡುತ್ತಿರುವ ಬೆಳೆಗಾರ ಕಂಡಿರಲಿಕ್ಕಿಲ್ಲ. ಆದರೂ ಹಡಗನ್ನೇರುವ ಅವನ ಚೀಲವನ್ನು ಅಳೆಯುವುದು ಅವೇ. ಆ ಸಮಿತಿಯಲ್ಲಿ ನಮ್ಮವರು ಹಾಜರಿಲ್ಲದೆ ಹೋಗಿದ್ದರೆ ಬೇರೆಯವರ ಬೆಳೆಗೆ ಹೊಂದುವ ಅಂಕಿಗಳು ಬರೆಯಲ್ಪಡುತ್ತಿದ್ದುವು.

ಈಗ ಕಟ್ಟಕಡೆಯ ಮೆಟ್ಟಿಲಿಗೆ ಬರೋಣ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿಗಳ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಆಹಾರ ಸುರಕ್ಷತೆಯ ಸಲಹಾ ಸಮಿತಿಗಳಿರಬೇಕೆಂದು ಏರ್ಪಾಡಾಗಿದೆ. ಆಹಾರವೆಂಬುದು ಒಂದೇ ಇಲಾಖೆಯ ಸೊತ್ತಲ್ಲ: ಕುಡಿಯುವ ನೀರು ಒಬ್ಬರದು, ಶಾಲೆಯ ಬಿಸಿಯೂಟ ಮತ್ತೊಬ್ಬರದು, ಅಂಗನವಾಡಿ ಇನ್ನೊಬ್ಬರದು, ಬೀದಿಬದಿಯ ಗಾಡಿಗಳು ನಗರಸಭೆಯದು, ಕಸಾಯಿಖಾನೆ ಪಶುವೈದ್ಯರದು. ಇವರೆಲ್ಲರನ್ನೂ ಒಂದು ಮಧ್ಯಾಹ್ನ ಒಂದು ಸಭಾಂಗಣದಲ್ಲಿ ಕೂಡಿಸಬಲ್ಲವರು ಜಿಲ್ಲಾಧಿಕಾರಿಯೊಬ್ಬರೇ. ಮೇಲಿನ ಸಮಿತಿಗಳು ಬರೆದುದು ಫಲಿಸುವುದೂ ಒಣಗುವುದೂ ಇಲ್ಲಿಯೇ.

ಕಿರಾಣಿ ಅಂಗಡಿಯೊಂದರಲ್ಲಿ ಅರಿಸಿನ ಪುಡಿಯ ಮಾದರಿ ತೆಗೆಯುವುದನ್ನು ನೋಡಿದವರಿಗೆ ಆ ಕ್ರಮದ ಗಾಂಭೀರ್ಯ ತಿಳಿದೀತು. ಆಹಾರ ಸುರಕ್ಷತಾಧಿಕಾರಿ ಪುಡಿಗೆ ಬೆಲೆ ಕೊಟ್ಟು, ಅದನ್ನು ನಾಲ್ಕು ಪಾಲು ಮಾಡಿ, ತೊಳೆದು ಒಣಗಿಸಿದ ನಾಲ್ಕು ಬಾಟಲುಗಳಿಗೆ ತುಂಬಿ, ದಪ್ಪ ಕಾಗದದಲ್ಲಿ ಸುತ್ತಿ, ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಂಕಿತಾಧಿಕಾರಿಗಳ ಸಹಿಯುಳ್ಳ ಚೀಟಿಯನ್ನು ಅಂಟಿಸಿ, ದಾರ ಬಿಗಿದು, ಮೇಲೊಂದು ಕೆಳಗೊಂದು ಮೈಮೇಲೆ ಎರಡು ಹೀಗೆ ಅರಗಿನ ಮುದ್ರೆ ಒತ್ತುತ್ತಾರೆ. ಅಂಗಡಿಯವನ ಸಹಿ ಅರ್ಧ ಚೀಟಿಯ ಮೇಲೂ ಅರ್ಧ ಹೊದಿಕೆಯ ಮೇಲೂ ಬೀಳಬೇಕು. ಒಂದು ಪಾಲು ಆಹಾರ ವಿಶ್ಲೇಷಕರಿಗೆ. ಎರಡು ಅಂಕಿತಾಧಿಕಾರಿಗಳ ವಶಕ್ಕೆ. ಅಂಗಡಿಯವನು ಬೇಡಿದರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಶಾಲೆಗೆ. ಹದಿನಾಲ್ಕು ದಿನಗಳಲ್ಲಿ ವರದಿ ಬರಬೇಕು. ಇಷ್ಟು ಜತನದಿಂದ ಕಟ್ಟಿ ಕಳುಹಿಸಿದ ಬಾಟಲು ಹೋಗಿ ಸೇರುವ ಪ್ರಯೋಗಶಾಲೆಯ ಸ್ಥಿತಿಯೇನು? 2017ರಲ್ಲಿ ಪ್ರಕಟವಾದ ಮಹಾಲೇಖಪಾಲರ ವರದಿ, ರಾಜ್ಯಗಳ 72 ಆಹಾರ ಪ್ರಯೋಗಶಾಲೆಗಳಲ್ಲಿ 65ಕ್ಕೆ ರಾಷ್ಟ್ರೀಯ ಮಾನ್ಯತೆಯೇ ಇಲ್ಲವೆಂದು ತೋರಿಸಿತು. ಆ ಮೇಲೆ ಸುಧಾರಣೆಗಳು ನಡೆದಿವೆ. ಆದರೆ ನಾಲ್ಕು ಮುದ್ರೆಗಳೊಳಗೆ ಭದ್ರವಾಗಿದ್ದ ಸತ್ಯ ಪರೀಕ್ಷಾ ಮೇಜಿನ ಮೇಲೆ ಸೋರಿಹೋಗುವಂತಹ ಸ್ಥಿತಿ ಯಾವ ಜಿಲ್ಲೆಯಲ್ಲಿಯೂ ಒಂದು ದಿನವಾದರೂ ಇರಬಾರದಾಗಿತ್ತು.

ಜಿಲ್ಲಾ ಸಮಿತಿ ಕಳೆದ ಸಲ ಎಂದು ಸೇರಿತ್ತು, ಎಷ್ಟು ಮಾದರಿಗಳು ಹೋದವು, ಎಷ್ಟು ವರದಿಗಳು ಗಡುವಿನೊಳಗೆ ಬಂದವು, ಬಂದ ವರದಿಗಳ ಮೇಲೆ ಏನು ಕ್ರಮವಾಯಿತು ಎಂಬುದನ್ನು ಸಭಾ ನಡವಳಿಯಿಂದ ತಿಳಿಯುವುದು ಮಾಹಿತಿ ಹಕ್ಕಿನ ಕಾನೂನಿರುವ ಈ ದಿನಗಳಲ್ಲಿ ಯಾವ ನಾಗರಿಕನಿಗೂ ಅಸಾಧ್ಯವಲ್ಲ. ಗ್ರಾಹಕ ಸಂಘಗಳು, ಮಹಿಳಾ ಸಮಾಜಗಳು, ಪತ್ರಿಕೆಯವರು ಈ ನಡವಳಿಯನ್ನು ಮೂರು ತಿಂಗಳಿಗೊಮ್ಮೆ ಕೇಳಿ ಪಡೆಯುವ ವಾಡಿಕೆಯನ್ನು ಬೆಳೆಸಿದರೆ ಸಭೆ ಸೇರದ ಸಮಿತಿಗಳೂ ಸೇರತೊಡಗುತ್ತವೆ. ಅದಲ್ಲದೆ ಅಧಿನಿಯಮದ ನಲವತ್ತನೆಯ ಪ್ರಕರಣ ಕೊಳ್ಳುವವನಿಗೂ ಒಂದು ಅಧಿಕಾರವನ್ನು ಕೊಟ್ಟಿದೆ. ಕೊಂಡ ಪದಾರ್ಥವನ್ನು ಪರೀಕ್ಷೆಗೆ ಕಳುಹಿಸುವೆನೆಂದು ಅಂಗಡಿಯವನಿಗೆ ಅಲ್ಲಿಯೇ ತಿಳಿಸಿ, ಶುಲ್ಕ ತೆತ್ತು, ಅದನ್ನು ಯಾರು ಬೇಕಾದರೂ ಆಹಾರ ವಿಶ್ಲೇಷಕರಿಗೆ ಒಪ್ಪಿಸಬಹುದು. ವರದಿಯಲ್ಲಿ ದೋಷ ಕಂಡುಬಂದರೆ ತೆತ್ತ ಶುಲ್ಕ ಹಿಂದಿರುಗುತ್ತದೆ. ವಿಶ್ಲೇಷಕರು ಆ ವರದಿಯನ್ನು ಮುಂದಿನ ಕ್ರಮಕ್ಕಾಗಿ ಜಿಲ್ಲೆಯ ಅಂಕಿತಾಧಿಕಾರಿಗಳಿಗೆ ಕಳುಹಿಸತಕ್ಕದ್ದು.